ಎಂಎಸ್‌ನಿಂದ ಕಾಲು ಎಳೆಯುತ್ತಿದೆ, ಕರೆಂಟ್ ಯಂತ್ರ ತಗೋಬಹುದಾ? ಫಿಸಿಯೋಥೆರಪಿಸ್ಟ್ ಉತ್ತರ

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ನಮಸ್ಕಾರ ಮೇಡಂ. ನಮ್ಮ ಅಕ್ಕನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಮೆದುಳು, ಬೆನ್ನುಹುರಿಯ ನರಗಳಿಗೆ ಹಾನಿ ಆಗುವ ಕಾಯಿಲೆ) ಇದೆ. ಬಲಗಾಲಿನ ಪಾದ ಮೇಲೆ ಎತ್ತೋಕೆ ಆಗಲ್ಲ, ನೆಲಕ್ಕೆ ಉಜ್ಜುತ್ತದೆ. ಚಪ್ಪಲಿ ಕಳಚಿ ಹೋಗುತ್ತದೆ, ಹೊಸ್ತಿಲಲ್ಲಿ ಎಡವುತ್ತಾಳೆ. ಎಫ್‌ಇಎಸ್ ಅನ್ನೋ ಯಂತ್ರದ ಬಗ್ಗೆ ಕೇಳಿದೆವು. ಅಮ್ಮನ ಮಂಡಿನೋವಿಗೆ ಕರೆಂಟ್ ಕೊಡಿಸಿದ್ದೆವಲ್ಲ, ಅದೇನಾ ಇದು? ತಗೊಂಡರೆ ವಾಸಿ ಆಗುತ್ತಾ?

ಉತ್ತರ: ಅದೇ ಅಲ್ಲ. ಮಂಡಿಗೆ ಕೊಡುವ ಕರೆಂಟ್ ನೋವು ಕಡಿಮೆ ಮಾಡೋಕೆ. ಎಫ್‌ಇಎಸ್ (ಫಂಕ್ಷನಲ್ ಎಲೆಕ್ಟ್ರಿಕಲ್ ಸ್ಟಿಮ್ಯುಲೇಶನ್) ಸ್ನಾಯುವನ್ನೇ ಕೆಲಸಕ್ಕೆ ಹಚ್ಚುತ್ತದೆ. ಮಂಡಿಯ ಕೆಳಗೆ, ಹೊರಮಗ್ಗುಲಲ್ಲಿ ಒಂದು ನರ ಚರ್ಮದ ಹತ್ತಿರವೇ ಹಾದು ಹೋಗುತ್ತದೆ. ಅಲ್ಲಿ ಪ್ಯಾಡ್ ಅಂಟಿಸುತ್ತಾರೆ. ಹಿಮ್ಮಡಿ ನೆಲ ಬಿಟ್ಟ ಕೂಡಲೇ ಶೂ ಒಳಗಿನ ಸ್ವಿಚ್ ಯಂತ್ರಕ್ಕೆ ಸೂಚನೆ ಕೊಡುತ್ತದೆ, ಕರೆಂಟ್ ಹರಿದು ಪಾದ ಮೇಲೇಳುತ್ತದೆ. ಹಿಮ್ಮಡಿ ಊರಿದಾಗ ನಿಲ್ಲುತ್ತದೆ. ಜುಮ್ ಅನ್ನಿಸುತ್ತದೆ, ಹೆಚ್ಚಿನವರಿಗೆ ಒಗ್ಗಿ ಹೋಗುತ್ತದೆ.

ಕಾಯಿಲೆ ವಾಸಿ ಆಗಲ್ಲ. ಯಂತ್ರ ಹಾಕಿಕೊಂಡಷ್ಟು ಹೊತ್ತು ನಡಿಗೆ ಸುಧಾರಿಸುತ್ತದೆ, ಎಡವೋದು ಕಡಿಮೆ ಆಗುತ್ತದೆ. ತೆಗೆದ ಮೇಲೂ ಅಷ್ಟೇ ಸುಧಾರಣೆ ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2009ರಲ್ಲಿ ಪಾದ ಜೋಲುವ ತೊಂದರೆಗೆ ಇದನ್ನು ಬಳಸಬಹುದು ಅಂತ ಹೇಳಿತು. ಅದೂ ಮೆದುಳು, ಬೆನ್ನುಹುರಿಯ ಕಾಯಿಲೆಯಿಂದ ಆಗಿದ್ದರೆ ಮಾತ್ರ.

ಆನ್‌ಲೈನಲ್ಲಿ ನೋಡಿ ಸುಮ್ನೆ ತರಿಸಬೇಡಿ. ಮೊದಲು ಅಕ್ಕನ ಕಾಲಿಗೆ ಹಾಕಿಸಿ, ನಡೆಸಿ ನೋಡಿ. ಮೀನಖಂಡ ಬಿಗಿದು ಕೈಯಿಂದಲೂ ಪಾದ ಮೇಲಕ್ಕೆ ಬರದಿದ್ದರೆ ಕರೆಂಟ್‌ನಿಂದಲೂ ಬರಲ್ಲ. ಆಗ ಮೊದಲ ಕೆಲಸ ಸ್ಟ್ರೆಚಿಂಗ್. ಪಾದ ಹಿಡಿದು ನಿಲ್ಲಿಸುವ ಪ್ಲಾಸ್ಟಿಕ್ ಸ್ಪ್ಲಿಂಟ್ ಕೂಡ ಇದೆ, ಬೆಲೆ ಬಹಳ ಕಡಿಮೆ. ಕೆಲವರಿಗೆ ಅದೇ ಸಾಕು.

ಪ್ರಶ್ನೆ (ಚಳ್ಳಕೆರೆ): ನಮ್ಮ ಅಪ್ಪಾಜಿಗೂ ಪಾದ ಎತ್ತೋಕೆ ಆಗಲ್ಲ ಮೇಡಂ. ಡಿಸ್ಕ್ ಜಾರಿ ನರಕ್ಕೆ ಪೆಟ್ಟು ಆಗಿದೆ. ಅವರಿಗೂ ನಡೆಯುತ್ತಾ?

ಉತ್ತರ: ಸಾಮಾನ್ಯವಾಗಿ ಇಲ್ಲ. ನಿಮ್ಮ ತೋಟದ ಪಂಪ್‌ಸೆಟ್ಟೇ ನೋಡಿ. ಎಂಎಸ್‌ನಲ್ಲಿ ಕೆಟ್ಟಿರೋದು ದೂರದ ಲೈನ್ (ಮೆದುಳು, ಬೆನ್ನುಹುರಿ); ಮೋಟರ್ರೂ (ಸ್ನಾಯು) ಅದರ ಪಕ್ಕದ ವೈರೂ (ಬೆನ್ನುಹುರಿಯಿಂದ ಕಾಲಿಗೆ ಹೋಗುವ ನರ) ಸರಿ ಇವೆ. ಅಲ್ಲೇ ಕರೆಂಟ್ ಕೊಟ್ಟರೆ ಓಡುತ್ತದೆ. ಅಪ್ಪಾಜಿಯದು ಆ ಪಕ್ಕದ ವೈರೇ ಹಾಳಾದ ಕೇಸು. ಅವರಿಗೆ ಸ್ಪ್ಲಿಂಟ್ ಬಗ್ಗೆ ಕೇಳಿ.

ಪ್ರಶ್ನೆ (ವಿದ್ಯಾನಗರ): ಅಕ್ಕನಿಗೆ ವ್ಯಾಯಾಮ ಮಾಡಿಸಿದರೆ ಸುಸ್ತು ಜಾಸ್ತಿ ಆಗುತ್ತದೆ. ಏಪ್ರಿಲ್‌ನಲ್ಲಂತೂ ಕಾಲೇ ಹಿಡಿತಕ್ಕೆ ಸಿಗಲ್ಲ. ಕಾಯಿಲೆ ಜಾಸ್ತಿ ಆಯ್ತಾ ಅಂತ ಭಯ.

ಉತ್ತರ: ದಾವಣಗೆರೆ ಬಿಸಿಲಲ್ವಾ! ಮೈ ಬಿಸಿ ಏರಿದರೆ ಎಂಎಸ್‌ನ ತೊಂದರೆಗಳು ಸ್ವಲ್ಪ ಹೊತ್ತು ಜಾಸ್ತಿ ಆಗುತ್ತವೆ. ಊಟಾಫ್ ಅನ್ನೋ ಜರ್ಮನ್ ಕಣ್ಣಿನ ವೈದ್ಯರು ವ್ಯಾಯಾಮದ ನಂತರ ಕಣ್ಣು ಸ್ವಲ್ಪ ಹೊತ್ತು ಮಂಜಾಗೋದನ್ನು 1890ರಲ್ಲೇ ಬರೆದಿಟ್ಟಿದ್ದಾರೆ. ಮೈ ತಂಪಾದರೆ ಮೊದಲಿನಂತೆ ಆಗುತ್ತದೆ. ಬೆಳಗ್ಗೆ ಬೇಗ, ಫ್ಯಾನ್ ಕೆಳಗೆ, ನಡುನಡುವೆ ಕೂತು ಮಾಡಿಸಿ. ಆದರೆ ಹೊಸ ನಿಶ್ಶಕ್ತಿ, ಕಣ್ಣು ಮಂಜು 24 ಗಂಟೆ ದಾಟಿಯೂ ಹೋಗದಿದ್ದರೆ ನ್ಯೂರಾಲಜಿಸ್ಟ್‌ಗೆ ಹೇಳಿ.

ವ್ಯಾಯಾಮ ಮಾತ್ರ ಬಿಡಬೇಡಿ, ನನ್ನ ಪ್ರಕಾರ ಯಂತ್ರಕ್ಕಿಂತ ಅದೇ ಮುಖ್ಯ. ಕುರ್ಚಿಯಿಂದ ಎದ್ದು ಕೂರೋದು, ಅಡುಗೆಮನೆ ಕಟ್ಟೆ ಹಿಡಿದು ನಿಲ್ಲೋದು, ಮೀನಖಂಡ ಎಳೆಯೋದು. ನಡೆಯೋಕೇ ಆಗದವರಿಗೆ ಎಫ್‌ಇಎಸ್ ಸೈಕಲ್ ಅಂತ ಇದೆ. ತೊಡೆ, ಪೃಷ್ಠದ ಸ್ನಾಯುಗಳಿಗೆ ಸರದಿ ಪ್ರಕಾರ ಕರೆಂಟ್ ಕೊಟ್ಟು ಪೆಡಲ್ ತುಳಿಸುತ್ತದೆ. ಅದು ದುಬಾರಿ, ದೊಡ್ಡ ಪುನರ್ವಸತಿ ಕೇಂದ್ರಗಳಲ್ಲಿ ವಿಚಾರಿಸಬೇಕು. ಅಂದಹಾಗೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂಎಸ್ ಸೇರಿದೆ. ಯುಡಿಐಡಿ ಕಾರ್ಡ್‌ಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿದ್ದೀರಾ?

ಪ್ರಶ್ನೆ (ವಿದ್ಯಾನಗರ): ಇಲ್ಲ ಮೇಡಂ, ಹಾಕಿಸುತ್ತೇವೆ. ಇನ್ನೊಂದು ಹೇಳೋದು ಮರೆತೆ. ಅಕ್ಕನಿಗೆ ಮೊದಲು ಫಿಟ್ಸ್ ಬಂದಿತ್ತು, ಈಗಲೂ ಮಾತ್ರೆ ಇದೆ.

ಉತ್ತರ: ಒಳ್ಳೇದಾಯ್ತು ಹೇಳಿದ್ದು. ಹಾಗಾದರೆ ಟ್ರಯಲ್‌ಗೂ ಮುಂಚೆ ನ್ಯೂರಾಲಜಿಸ್ಟ್ ಒಪ್ಪಿಗೆ ಬೇಕು. ಫಿಟ್ಸ್ ಹತೋಟಿಯಲ್ಲಿ ಇಲ್ಲದವರಿಗೆ, ಪೇಸ್‌ಮೇಕರ್ ಇರುವವರಿಗೆ, ಗರ್ಭಿಣಿಯರಿಗೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ಇದನ್ನು ಸುಮ್ನೆ ಹಾಕೋ ಹಾಗಿಲ್ಲ. ಮಾತ್ರೆ ಚೀಟಿ ತಗೊಂಡೇ ಹೋಗಿ.