[ಪದಚರ್ಚೆ] ಅಕ್ರಿಲಿಕ್ ಅಕ್ವೇರಿಯಂ ಗೀರು ತೆಗೆಯುವ ಕೆಲಸಕ್ಕೆ ಏನನ್ನೋಣ? ತುರ್ತು

ಬನಶಂಕರಿಯಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಬೇಕು, ಅದಕ್ಕೇ ನೇರವಾಗಿ ಕೇಳುತ್ತಿದ್ದೇನೆ.

ನನ್ನ ತಮ್ಮ ಹಳೇ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಅಕ್ವೇರಿಯಂ ಕೊಂಡು, ಗೀರು ತೆಗೆದು, ಹೊಳಪು ಬರಿಸಿ ಮಾರುತ್ತಾನೆ. ಜನ ತಂದುಕೊಟ್ಟರೆ ಅವರದ್ದನ್ನೂ ಮಾಡಿಕೊಡುತ್ತಾನೆ. ಈಗ ಅಂಗಡಿಗೆ ಬೋರ್ಡು ಹಾಕಿಸಬೇಕು. ಕನ್ನಡ ಭಾಷಾ ಕಾಯ್ದೆಗೆ 2024ರ ತಿದ್ದುಪಡಿ ಬಂದ ಮೇಲೆ ಶೇ 60ರಷ್ಟು ಕನ್ನಡ ಇರಲೇಬೇಕು, ಅದೂ ಮೇಲ್ಭಾಗದಲ್ಲಿ. ಫ್ಲೆಕ್ಸ್ ಅಂಗಡಿಯವನು ‘ಸ್ಕ್ರ್ಯಾಚ್ ರಿಮೂವಲ್ ಅಂಡ್ ರಿಸ್ಟೊರೇಶನ್’ ಅಂತ ಕನ್ನಡ ಅಕ್ಷರದಲ್ಲಿ ಹಾಕಿಬಿಡ್ತೀನಿ ಅನ್ನುತ್ತಾನೆ. ನಾನು ಬರೆದದ್ದು ‘ಗೀರು ನಿವಾರಣೆ ಮತ್ತು ಪುನಶ್ಚೇತನ ಕೇಂದ್ರ’. ತಮ್ಮ ಓದಿ, ಕುಡಿತ ಬಿಡಿಸೋ ಜಾಗದ ಥರ ಇದೆ ಅಂದ.

ಜೊತೆಗೆ ಗಿರಾಕಿಗಳಿಗೆ ಒಂದು ಪುಟದ ಕರಪತ್ರವೂ ಇದೆ. ಬೇರೆ ಬೇರೆ ನಂಬರಿನ ಎಮರಿ ಪೇಪರಿನಿಂದ ನೀರು ಹಾಕಿಕೊಂಡು ಉಜ್ಜುವುದು, ಆಮೇಲಿನ ಪಾಲಿಶ್, ಮತ್ತೆ ಹಳೇ ಟ್ಯಾಂಕುಗಳಲ್ಲಿ ಒಳಗೊಳಗೇ ಮೂಡುವ ಸಣ್ಣ ಸಣ್ಣ ಬಿರುಕು, ಅದೇ ಕ್ರೇಜಿಂಗ್. ಇವಕ್ಕೆ ಏನನ್ನಬೇಕು?

ಮಲ್ಲೇಶ್ವರದಿಂದ:

ಗೀರು ಸರಿ. ತಮಿಳಿನಲ್ಲಿ ಕೀರು, ತೆಲುಗಿನಲ್ಲೂ ಗೀರು. ಅಚ್ಚ ದ್ರಾವಿಡ. ಉಳಿದದ್ದನ್ನು ಅಳಿಸಿ. ‘ನಿವಾರಣೆ’ ಯಾಕೆ, ಗೀರೇನು ಬರಗಾಲವೇ?

ಪಾಲಿಶ್‌ಗೆ ‘ಒಪ್ಪ’ ಇದೆ. ದಿನಾ ‘ಒಪ್ಪ ಓರಣ’ ಅನ್ನುವವರು ಒಪ್ಪ ಅಂದರೇನು ಅಂತ ಒಮ್ಮೆಯಾದರೂ ಯೋಚಿಸಿದ್ದಾರಾ? ಒಪ್ಪು ಅಂದರೆ ಹೊಂದು, ಚೆನ್ನಾಗಿ ಕಾಣು, ಹೊಳೆ. ಅಕ್ಕಸಾಲಿಗರು ಒಡವೆಗೆ ಒಪ್ಪ ಹಾಕುತ್ತಿದ್ದರು. ಅಕ್ವೇರಿಯಂಗೆ ಮೀನ್ಮನೆ. ಬೋರ್ಡು: ‘ಮೀನ್ಮನೆಗೆ ಒಪ್ಪ’. ಮುಗಿಯಿತು.

ಜಯನಗರದಿಂದ:

ಆ ಬೋರ್ಡು ಹಾಕಿದರೆ ಮಧ್ಯಾಹ್ನ ಊಟಕ್ಕೆ ಜನ ಬರುತ್ತಾರೆ ಸಾರ್. ಬಂಗುಡೆ ಫ್ರೈ ಇದೆಯಾ ಅಂತ ಕೇಳುತ್ತಾರೆ.

ರಾಜಾಜಿನಗರದಿಂದ:

ಪಾಲಿಶ್ ಕೊನೇ ಕೆಲಸ. ಅದಕ್ಕೆ ಮುಂಚಿನದಕ್ಕೆ ಇಲ್ಲಿ ಯಾರೂ ಹೆಸರೇ ಹೇಳಲಿಲ್ಲ. ಪೀಣ್ಯದಲ್ಲಿ ಪ್ಲಾಸ್ಟಿಕ್ ಕೆಲಸ ಮಾಡಿದವನು ನಾನು, ಸ್ವಲ್ಪ ಉದ್ದ ಬರೆಯುತ್ತೇನೆ.

ಗೀರನ್ನು ‘ತೆಗೆಯೋಕೆ’ ಆಗುವುದಿಲ್ಲ. ಗೀರಿರುವ ಕಡೆ ಏನೂ ಇಲ್ಲ, ತೆಗೆಯೋದು ಏನನ್ನ? ಅದರ ತಳ ಎಷ್ಟು ಆಳಕ್ಕಿದೆಯೋ ಅಲ್ಲಿಯವರೆಗೆ ಸುತ್ತಲಿನ ಅಕ್ರಿಲಿಕ್ಕನ್ನು ಇಳಿಸಬೇಕು. ಹಾಗಾಗಿ ಇದು ಉಜ್ಜುವುದಲ್ಲ, ತೇಯುವುದು. ಪಾತ್ರೆ ಉಜ್ಜಿದರೆ ಕೊಳೆ ಹೋಗುತ್ತದೆ. ಗಂಧ ತೇಯ್ದರೆ ಕೊರಡೇ ಸವೆಯುತ್ತದೆ, ನೀರೂ ಬೇಕು. ಕರಪತ್ರದಲ್ಲಿ ‘ಉಜ್ಜಿ’ ಅಂತ ಬರೆದು ನೋಡಿ. ಗಿರಾಕಿ ಮನೆಗೆ ಹೋಗಿ ಪಾತ್ರೆ ತಿಕ್ಕುವ ಸ್ಟೀಲ್ ನಾರು ಹಿಡಿಯುತ್ತಾನೆ.

ಗೀರು ಆಳವಾಗಿದ್ದರೆ 400 ಅಥವಾ 600ರ ಪೇಪರಿನಿಂದ ಶುರು (ನಂಬರ್ ಹೆಚ್ಚಾದಷ್ಟೂ ಪೇಪರು ನುಣುಪು). ಮೇಲುಮೇಲಿನದ್ದಾದರೆ 1000 ಸಾಕು. ಅಲ್ಲಿಂದ 1500, 2000, ಆಮೇಲೆ ಪಾಲಿಶ್. ಮಧ್ಯದ ನಂಬರ್ ಹಾರಿಸಿದರೆ ಕೆಟ್ಟಿರಿ. ಒಂದು ಪೇಪರಿನಲ್ಲಿ ಅಡ್ಡಕ್ಕೆ ತೇಯ್ದರೆ ಮುಂದಿನದರಲ್ಲಿ ಉದ್ದಕ್ಕೆ ತೇಯಬೇಕು. ಹಿಂದಿನ ಪೇಪರಿನ ಗೆರೆ ಉಳಿದಿದ್ದರೆ ಆಗ ಎದ್ದು ಕಾಣುತ್ತದೆ. 600 ಮುಗಿಯುವ ಹೊತ್ತಿಗೆ ಟ್ಯಾಂಕಿನ ಗೋಡೆ ಪೂರ್ತಿ ಬೆಳ್ಳಗೆ ಮಂಕಾಗಿರುತ್ತದೆ. ನೀರು ಹಾಯಿಸಿದರೆ ಆ ಕಡೆಯದ್ದು ಕಾಣುತ್ತದೆ, ಒಣಗಿದರೆ ಮತ್ತೆ ಬಿಳಿ. ಗಿರಾಕಿ ಆ ಹೊತ್ತಿಗೇ ಅಂಗಡಿಗೆ ಬಂದರೆ ಜಗಳವೇ. ಇದನ್ನೂ ಕರಪತ್ರದಲ್ಲಿ ಹಾಕಿ.

ಪೇಪರಿಗೆ ನಮ್ಮ ಬಡಗಿಗಳು ಉಪ್ಪು ಕಾಗದ ಅನ್ನುತ್ತಿದ್ದರು. ಒಳ್ಳೇ ಪದ, ಆದರೆ ಅದು ನೀರಿಗೆ ತಡೆಯದ ಮಾಲು. ನೀರಿನಲ್ಲಿ ತೇಯುವ ಕಪ್ಪು ಪೇಪರು ಜೆ.ಸಿ. ರಸ್ತೆಯ ಕಾರು ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಅಲ್ಲಿ ಅದು ವಾಟರ್ ಪೇಪರ್. ಬೇರೆ ಹೆಸರು ಹೇಳಿದರೆ ಖಾಲಿ ಕೈಯಲ್ಲಿ ವಾಪಸ್.

ಒಪ್ಪದ ಬಗ್ಗೆ ಮಲ್ಲೇಶ್ವರದ ಮೇಷ್ಟ್ರು ಹೇಳಿದ್ದು ಸರಿ. ಚನ್ನಪಟ್ಟಣದವರು ತಿರುಗುವ ಮರಕ್ಕೆ ಅರಗು ಒತ್ತಿ, ತಿಕ್ಕಾಟದ ಬಿಸಿಗೆ ಕರಗಿಸಿ, ತಾಳೆಗರಿ ಹಿಡಿದು ಹೊಳಪು ತರುತ್ತಾರೆ. ಅಲ್ಲಿ ಬಿಸಿ ಬೇಕು, ಇಲ್ಲಿ ಬೇಡ. ಅಕ್ರಿಲಿಕ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಹೊಳಪು ತರುವ ಬಫಿಂಗ್ ಮಿಶಿನ್ನನ್ನು ಒಂದೇ ಕಡೆ ಒತ್ತಿ ಹಿಡಿದರೆ ಮೇಲ್ಮೈ ಕರಗಿ ಎಳೆದುಕೊಳ್ಳುತ್ತದೆ. ಆಮೇಲೆ ಮತ್ತೆ 400ರಿಂದ ಶುರು ಮಾಡಬೇಕು.

ಹನುಮಂತನಗರದಿಂದ:

ತೇಯುವುದಕ್ಕಿಂತ ‘ಸಾಣೆ’ ಬೋರ್ಡಿಗೆ ಚೆನ್ನ. ರಿಸ್ಟೊರೇಶನ್‌ಗೆ ‘ದುರಸ್ತಿ’.

ಮಲ್ಲೇಶ್ವರದಿಂದ:

ಸಾಣೆ ಸಂಸ್ಕೃತದ ಶಾಣ. ದುರಸ್ತಿ ಪಾರಸಿ. ಮುಂದೆ?

ಹನುಮಂತನಗರದಿಂದ:

ಮುಂದೆ ಏನಿಲ್ಲ ಸಾರ್. ನೀವು ಕೂತಿರುವ ಕುರ್ಚಿ ಅರಬ್ಬಿ, ಎದುರಿನ ಮೇಜು ಪಾರಸಿ. ಎದ್ದು ನಿಂತು ಟೈಪ್ ಮಾಡುತ್ತೀರಾ? ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ತದ್ಭವಗಳಿಗೆ, ಅಂದರೆ ಸಂಸ್ಕೃತದಿಂದ ಬಂದು ರೂಪ ಬದಲಿಸಿದ ಪದಗಳಿಗೆ, ಒಂದು ಇಡೀ ಪ್ರಕರಣ ಕೊಟ್ಟಿದ್ದಾನೆ. ಸಾಣೆ ಹಿಡಿಯುವವನು ಬೀದಿಯಲ್ಲಿ ಕೂಗಿಕೊಂಡು ಹೋದರೆ ಎಲ್ಲರೂ ಚಾಕು ತರುತ್ತಾರೆ. ಅದಕ್ಕಿಂತ ಕನ್ನಡ ಇನ್ನೇನು ಬೇಕು?

ಮಲ್ಲೇಶ್ವರದಿಂದ:

ಕೇಶಿರಾಜ ಆ ಪ್ರಕರಣಕ್ಕೆ ಅಪಭ್ರಂಶ, ಅಂದರೆ ಕೆಟ್ಟ ರೂಪ, ಅಂತ ಹೆಸರಿಟ್ಟ. ಅದನ್ನೂ ಹೇಳಿ. ಸಾಲವೇ ಬೇಡ ಅಂದವರು ಯಾರು? ಮನೆಯಲ್ಲಿ ಅಕ್ಕಿ ಇರುವಾಗ ಪಕ್ಕದ ಮನೆಗೆ ಪಾವು ಹಿಡಿದುಕೊಂಡು ಹೋಗಬೇಡಿ ಅಂದೆ. ಚಾಕು ತರುತ್ತಾರೆ ಅಂತ ನೀವೇ ಹೇಳಿದಿರಿ. ಈ ಅಂಗಡಿಗೂ ಚಾಕುವನ್ನೇ ತರುತ್ತಾರೆ.

ಇನ್ನು ‘ಅಕ್ರಿಲಿಕ್’. ಇದರ ಹಿಂದೆ ಎರಡು ಲ್ಯಾಟಿನ್ ಪದ ಇವೆ. ಆಕೆರ್ ಅಂದರೆ ಚುರುಕು, ಒಲೇರೆ ಅಂದರೆ ವಾಸನೆ ಬೀರು. ಕಟುವಾಸನೆಯದ್ದು ಅಂತ ಅರ್ಥ. ಮನಸ್ಸು ಮಾಡಿದ್ದರೆ ಅದಕ್ಕೂ ಒಂದು ಪದ ಕಟ್ಟಬಹುದಿತ್ತು.

ಜಯನಗರದಿಂದ:

‘ಕಟುವಾಸನೆ ಮೀನ್ಮನೆ’. ಕ್ಯೂ ನಿಲ್ಲುತ್ತಾರೆ, ಅಲ್ವಾ?

ಅಂಗಡಿ ಬೋರ್ಡು ನಿಘಂಟಲ್ಲ. ಗಿರಾಕಿ ಫೋನ್ ಮಾಡಿ ಏನು ಕೇಳುತ್ತಾನೋ ಅದು ಬೋರ್ಡಿನಲ್ಲಿರಬೇಕು. ಮತ್ಸ್ಯಾಲಯ ಅಂದರೆ ಜನರಿಗೆ ಕಬ್ಬನ್ ಪಾರ್ಕಿನ ಕಟ್ಟಡ ನೆನಪಾಗುತ್ತದೆ. ಮನೆಯ ಹಾಲಿನಲ್ಲಿರುವುದು ಅಕ್ವೇರಿಯಂ, ಇಲ್ಲಾಂದ್ರೆ ಫಿಶ್ ಟ್ಯಾಂಕ್. ‘ತೊಟ್ಟಿ’ ಅಂದರೂ ನಡೆಯುತ್ತದೆ. ಅನುವಾದ ಮಾಡುವಾಗ ನಾನು ಹಿಡಿಯುವ ದಾರಿ ಒಂದೇ. ವಸ್ತುವಿನ ಹೆಸರು ಎಲ್ಲಿಂದಾದರೂ ಬರಲಿ, ಕ್ರಿಯಾಪದ ಮಾತ್ರ ನಮ್ಮದಿರಲಿ. ತೇಯು, ಒಪ್ಪ ಹಾಕು, ಎರಡೂ ಸಿಕ್ಕಿವೆ. ಸಾಣೆ ಬಿಡಿ.

ಕಷ್ಟದ್ದು ಕ್ರೇಜಿಂಗ್. ಬರೀ ‘ಬಿರುಕು’ ಅಂದರೆ ನೀರು ಸೋರುತ್ತದೆ ಅಂತ ಹೆದರುತ್ತಾರೆ. ನನಗೆ ಹೊಳೆದದ್ದು ‘ನವಿರು ಬಿರುಕು’. ನವಿರ್ ಅಂದರೆ ಹಳಗನ್ನಡದಲ್ಲಿ ಕೂದಲು, ನವಿರೇಳುವುದು ಅದರಿಂದಲೇ. ಈಗ ಸೂಕ್ಷ್ಮ ಅನ್ನುವ ಅರ್ಥವೂ ಇದೆ. ಎರಡೂ ಇಲ್ಲಿ ಕೂಡುತ್ತವೆ.

ಮಲ್ಲೇಶ್ವರದಿಂದ:

ನವಿರು ಬಿರುಕು ಒಳ್ಳೆಯದು. ಬೇರೆ ಹೇಳುವುದಿಲ್ಲ.

ರಾಜಾಜಿನಗರದಿಂದ:

ನನಗೂ ಸರಿ. ಗುರುತನ್ನೂ ಬರೆಯಿರಿ. ಟಾರ್ಚನ್ನು ಓರೆಯಾಗಿ ಹಿಡಿದರೆ ಗೋಡೆಯ ಒಳಗಿನಿಂದ ಸಣ್ಣ ಸಣ್ಣ ಚೂರು ಮಿನುಗುತ್ತವೆ. ಅಮೋನಿಯಾ ಇರುವ ಗಾಜಿನ ಕ್ಲೀನರ್, ಸ್ಪಿರಿಟ್, ಥಿನ್ನರ್ ಹಾಕಿ ಒರೆಸಿದವರ ಟ್ಯಾಂಕಿನಲ್ಲಿ ಇದು ಬರುತ್ತದೆ. ಒಳಗೆ ಇಳಿದಿದ್ದರೆ ತೇಯ್ದು ಪ್ರಯೋಜನವಿಲ್ಲ. ಗೋಡೆಗಳು ಕೂಡುವ ಅಂಟಿನ ಜಾಗದಲ್ಲಿ ಕಂಡರೆ ನಿಮ್ಮ ತಮ್ಮ ಆ ಟ್ಯಾಂಕನ್ನು ಕೊಳ್ಳದಿರುವುದೇ ವಾಸಿ.

ಬನಶಂಕರಿಯಿಂದ:

ಎಲ್ಲರಿಗೂ ಥ್ಯಾಂಕ್ಸ್. ಬೋರ್ಡು ಹೀಗೆ: ‘ಅಕ್ರಿಲಿಕ್ ಅಕ್ವೇರಿಯಂ. ಗೀರು ತೇಯ್ದು ಒಪ್ಪ ಹಾಕಿಕೊಡುತ್ತೇವೆ. ಹಳೇ ತೊಟ್ಟಿ ಕೊಳ್ಳುತ್ತೇವೆ, ಮಾರುತ್ತೇವೆ.’ ರಿಸ್ಟೊರೇಶನ್‌ಗೆ ಪದವೇ ಬೇಕಾಗಲಿಲ್ಲ. ಫ್ಲೆಕ್ಸಿನವನು ‘ಒಪ್ಪ’ವನ್ನು ತಿದ್ದಿ ‘ಒಪ್ಪಿ’ ಮಾಡಿದ್ದ, ಮತ್ತೆ ಹಾಕಿಸಿದೆ. ಕರಪತ್ರದ ಕೊನೆಗೆ ‘ಎಲ್ಲಾ ಗೀರೂ ಹೋಗುತ್ತದೆ, ಗ್ಯಾರಂಟಿ’ ಅಂತ ಸೇರಿಸು ಅಂತ ತಮ್ಮನ ಹಟ.

ರಾಜಾಜಿನಗರದಿಂದ:

ಸೇರಿಸಬೇಡಿ. ಆಳದ ಗೀರನ್ನು ಅಷ್ಟೇ ಜಾಗದಲ್ಲಿ ತೇಯ್ದರೆ ಅಲ್ಲಿ ತಗ್ಗು ಬಿದ್ದು ಮೀನು ಅಂಕುಡೊಂಕಾಗಿ ಕಾಣುತ್ತದೆ. ಸುತ್ತ ಅಗಲಕ್ಕೆ ತೇಯಬೇಕು, ಕೂಲಿ ಜಾಸ್ತಿ. ಒಳಮೈಯ ಸಣ್ಣ ಗೀರುಗಳಾದರೆ ನೀರು ತುಂಬಿದ ಮೇಲೆ ಹೆಚ್ಚುಕಮ್ಮಿ ಮರೆಯಾಗುತ್ತವೆ. ಅಕ್ರಿಲಿಕ್ಕಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) 1.49, ನೀರಿನದ್ದು 1.33, ಗಾಳಿಯದ್ದು 1. ಗೀರಿನೊಳಗೆ ಗಾಳಿಯ ಬದಲು ನೀರು ಕೂತರೆ ಬೆಳಕು ಅಷ್ಟು ಚದುರುವುದಿಲ್ಲ. ಅಂಥದ್ದಕ್ಕೆ ಸುಮ್ನೆ ದುಡ್ಡು ತೆಗೆದುಕೊಳ್ಳುವ ಮೊದಲು ನೀರು ತುಂಬಿಸಿ ತೋರಿಸಲಿ. ಗ್ಯಾರಂಟಿ ಬದಲು ಹೀಗೆ ಹಾಕಿ: ‘ಉಗುರಿಗೆ ಸಿಕ್ಕುವ ಗೀರಿಗೆ ಬೇರೆ ರೇಟು. ನವಿರು ಬಿರುಕು ಮಾಡುವುದಿಲ್ಲ.’

ಜಯನಗರದಿಂದ:

‘ನವಿರು ಬಿರುಕು ಮಾಡುವುದಿಲ್ಲ’ ಅಂದರೆ ಬೇರೆಯವರು ಮಾಡುತ್ತಾರೆ ಅಂತಾಯ್ತು. ‘ನವಿರು ಬಿರುಕು ಸರಿಹೋಗುವುದಿಲ್ಲ’ ಅಂತ ಹಾಕಿ.