ಸಾರ್ವಜನಿಕ ಕಟ್ಟಡದ ಚಾವಣಿ: ಮೊದಲು ನೀರಿನ ದಾರಿ, ಆಮೇಲೆ ಬಿಸಿಲಿನ ಲೆಕ್ಕ

ಪ್ರಶ್ನೆ: ಮಾನ್ಯರೇ, ಕೆಳಗೆ ಗ್ರಂಥಾಲಯ, ಮೇಲೆ ಸಭಾಂಗಣ ಇರುವ ಎರಡು ಅಂತಸ್ತಿನ ಸಾರ್ವಜನಿಕ ಕಟ್ಟಡವೊಂದರ ನಿರ್ಮಾಣ ಸಮಿತಿಯಲ್ಲಿ ನಾನಿದ್ದೇನೆ. ವಾಸ್ತುಶಿಲ್ಪಿಗಳು ಸಮತಟ್ಟಾದ ಕಾಂಕ್ರೀಟ್ ತಾರಸಿಯನ್ನು ಸೂಚಿಸಿದ್ದಾರೆ. ಬಿಸಿಲನ್ನು ಹಿಂದಿರುಗಿಸುವ ಬಿಳಿ ಲೇಪನ ಬಳಿದರೆ ಸಾಕು ಎಂದು ಸಮಿತಿಯ ಕೆಲವರು ಹೇಳಿದರೆ, ದಪ್ಪನೆಯ ಶಾಖನಿರೋಧಕ ಹಲಗೆ ಹಾಕದಿದ್ದರೆ ಪ್ರಯೋಜನವಿಲ್ಲ ಎಂದು ಇನ್ನು ಕೆಲವರು ವಾದಿಸುತ್ತಿದ್ದಾರೆ. ಚಾವಣಿ 25 ವರ್ಷವಾದರೂ ಸೋರದೆ ಬಾಳಬೇಕು, ಹವಾನಿಯಂತ್ರಣಕ್ಕೆ ಬೇಕಾಗುವ ವಿದ್ಯುತ್ತೂ ತಗ್ಗಬೇಕು. ಯಾವುದರಿಂದ ಆರಂಭಿಸುವುದು ಸರಿ?

ಉತ್ತರ: ಲೇಪನವೋ ಹಲಗೆಯೋ ಎಂಬ ಚರ್ಚೆಯನ್ನು ಸದ್ಯಕ್ಕೆ ಬದಿಗಿಡಿ. ತಾರಸಿಯ ಮೇಲೆ ಬಿದ್ದ ಮಳೆನೀರು ಎಲ್ಲಿಂದ ಹೊರಟು ಯಾವ ಕೊಳವೆಯನ್ನು ಸೇರುತ್ತದೆ ಎಂಬುದನ್ನು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸುವಂತೆ ವಾಸ್ತುಶಿಲ್ಪಿಗಳನ್ನು ಮೊದಲು ಕೇಳಿ. ಸೋರದಿರುವುದು ಮತ್ತು ವಿದ್ಯುತ್ ಉಳಿಸುವುದು ಎರಡು ಬೇರೆ ಗುರಿಗಳೆಂದು ಸಮಿತಿಗಳು ಸಾಮಾನ್ಯವಾಗಿ ಭಾವಿಸುತ್ತವೆ. ನನ್ನ ದೃಷ್ಟಿಯಲ್ಲಿ ಅವು ಒಂದೇ. ಶಾಖನಿರೋಧಕ ವಸ್ತುಗಳು ಕೆಲಸ ಮಾಡುವುದು ತಮ್ಮೊಳಗೆ ಅಲುಗದೆ ನಿಂತ ಗಾಳಿ ಅಥವಾ ಅನಿಲದ ಬಲದಿಂದ. ಅಲುಗದ ಗಾಳಿಗೆ ಹೋಲಿಸಿದರೆ ನೀರು 20 ಪಟ್ಟಿಗೂ ಹೆಚ್ಚು ಸುಲಭವಾಗಿ ಶಾಖವನ್ನು ಸಾಗಿಸುವುದರಿಂದ, ಒಮ್ಮೆ ಒಳಗೆ ನೀರು ಹೊಕ್ಕ ಹಲಗೆ ಚಾವಣಿಯ ಮೇಲೆ ಭಾರವಾಗಿ ಉಳಿಯುತ್ತದೆಯೇ ಹೊರತು ಶಾಖವನ್ನು ತಡೆಯುವುದಿಲ್ಲ.

ಸಮತಟ್ಟು ಎಂದು ಕರೆಯುವ ತಾರಸಿಯೂ ನಿಜವಾಗಿ ಸಮತಟ್ಟಾಗಿರಬಾರದು. ಕೆಲಸ ಮುಗಿದ ಮೇಲೆ 80ಕ್ಕೆ 1ರಷ್ಟಾದರೂ ವಾಟ ಸಿಗಬೇಕು. ಸ್ಲ್ಯಾಬ್ ತನ್ನ ಭಾರಕ್ಕೆ ತಾನೇ ಕೊಂಚ ಬಾಗುವುದನ್ನೂ ಗಾರೆ ಕೆಲಸದ ಏರುಪೇರನ್ನೂ ಲೆಕ್ಕಕ್ಕೆ ಹಿಡಿದರೆ, ನಕ್ಷೆಯಲ್ಲಿ 40ಕ್ಕೆ ಅಥವಾ 50ಕ್ಕೆ 1ರಷ್ಟು ತೋರಿಸುವುದು ಸುರಕ್ಷಿತ. 50ಕ್ಕೆ 1ರ ವಾಟವೆಂದರೆ 10 ಮೀಟರ್ ದೂರಕ್ಕೆ 200 ಮಿಲಿಮೀಟರ್ ಇಳಿತ. ಇಷ್ಟನ್ನೂ ಸಿಮೆಂಟ್ ಗಾರೆಯಿಂದಲೇ ತುಂಬಿಸಿದರೆ ಸರಾಸರಿ 100 ಮಿಲಿಮೀಟರ್ ದಪ್ಪವಾಗಿ, ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಸ್ಲ್ಯಾಬಿನ ಮೇಲೆ ಶಾಶ್ವತವಾಗಿ ಕೂರುತ್ತದೆ. ಆದ್ದರಿಂದ ಸ್ಲ್ಯಾಬನ್ನೇ ಇಳಿಜಾರಾಗಿ ಎರಕ ಹೊಯ್ಯುವುದು, ಇಲ್ಲವೇ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿ ಕತ್ತರಿಸಿದ ಶಾಖನಿರೋಧಕ ಹಲಗೆಗಳಿಂದ ವಾಟ ಕೊಡುವುದು ಮೇಲು.

ನೀರಿಳಿಯುವ ಕೊಳವೆಗಳ ಜಾಗದಲ್ಲೂ ಒಂದು ಹಳೆಯ ತಪ್ಪು ಮತ್ತೆ ಮತ್ತೆ ನಡೆಯುತ್ತದೆ. ಕೊಳವೆಯನ್ನು ಕಂಬದ ಪಕ್ಕದಲ್ಲಿ ಇಳಿಸುವುದು ನೋಟಕ್ಕೂ ಅನುಕೂಲಕ್ಕೂ ಹಿತವಾದರೂ, ಸ್ಲ್ಯಾಬ್ ಬಾಗುವುದು ಕಂಬಗಳ ನಡುವೆ. ಕಂಬದ ಬಳಿ ಅದು ಬಾಗುವುದಿಲ್ಲ. ವಾಟ ಕಡಿಮೆಯಿದ್ದರೆ ಕೆಲವು ವರ್ಷಗಳಲ್ಲಿ ಕೊಳವೆಯ ಬಾಯಿಯೇ ಎತ್ತರದ ಜಾಗದಲ್ಲಿ ಉಳಿದು, ನೀರು ನಡುವೆ ಮಡುಗಟ್ಟುತ್ತದೆ. 10 ಮಿಲಿಮೀಟರ್ ಆಳದ ನೀರು ಪ್ರತಿ ಚದರ ಮೀಟರಿಗೆ 10 ಕಿಲೋ ತೂಗುತ್ತದೆ. ಎಲೆ ಕಸ ಸಿಕ್ಕಿಕೊಂಡು 500 ಚದರ ಮೀಟರ್ ತಾರಸಿಯ ಮೇಲೆ 100 ಮಿಲಿಮೀಟರ್ ನೀರು ನಿಂತರೆ 50 ಟನ್ ಆಯಿತು. ಹೀಗಾಗಿ ಕನಿಷ್ಠ ಎರಡು ಕೊಳವೆಗಳಿರಲಿ. ಅವು ಕಟ್ಟಿಕೊಂಡಾಗ ನೀರು ಹೊರಬೀಳಲು ಪ್ಯಾರಾಪೆಟ್ ಗೋಡೆಯಲ್ಲಿ ಪ್ರತ್ಯೇಕ ಕಿಂಡಿಗಳೂ ಇರಲಿ. ಆ ಕಿಂಡಿಯ ನೀರು ಮುಂಬಾಗಿಲ ಸಮೀಪ, ಎಲ್ಲರ ಕಣ್ಣಿಗೆ ಬೀಳುವಂತೆ ಸುರಿಯುವುದು ಒಳ್ಳೆಯದು, ಏಕೆಂದರೆ ಆಗ ಯಾರಾದರೂ ದೂರು ಕೊಡುತ್ತಾರೆ.

ಈಗ ಬಿಸಿಲಿನ ವಿಷಯ. 150 ಮಿಲಿಮೀಟರ್ ದಪ್ಪದ ಬರಿಯ ಕಾಂಕ್ರೀಟ್ ಸ್ಲ್ಯಾಬಿನ ಮೂಲಕ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಪ್ರತಿ ಚದರ ಮೀಟರಿಗೆ ಸುಮಾರು 3.3 ವಾಟ್ ಶಾಖ ಹರಿಯುತ್ತದೆ. ಅದರ ಮೇಲೆ 75 ಮಿಲಿಮೀಟರ್ ದಪ್ಪದ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಎಂಬ ಗಟ್ಟಿ ನೊರೆಪ್ಲಾಸ್ಟಿಕ್ಕಿನ ಹಲಗೆ ಹಾಸಿದರೆ ಅದು 0.4 ವಾಟ್‌ಗೆ ಇಳಿಯುತ್ತದೆ. ಹೊಸದಾಗಿ ಬಳಿದ ಒಳ್ಳೆಯ ಬಿಳಿ ಲೇಪನ ಬಿಸಿಲಿನ ಶೇ. 80ರಷ್ಟನ್ನು ಹಿಂದಿರುಗಿಸುತ್ತದೆ ಎಂಬುದು ನಿಜವೇ. ಆದರೆ ಧೂಳು, ಪಾಚಿ ಕೂತು ಎರಡು ಮೂರು ವರ್ಷಗಳಲ್ಲಿ ಅದು ಶೇ. 60ರ ಆಸುಪಾಸಿಗೆ ಇಳಿಯುವುದು ಸಾಮಾನ್ಯ, ಮತ್ತು ಸಾರ್ವಜನಿಕ ಕಟ್ಟಡದ ತಾರಸಿಯನ್ನು ತೊಳೆಯಲು ಯಾರೂ ಹತ್ತುವುದಿಲ್ಲ. ಚಳಿ ಹೆಚ್ಚಿರುವ ಪ್ರದೇಶದಲ್ಲಿ ಬಿಳಿ ಮೇಲ್ಮೈ ಚಳಿಗಾಲದ ಬಿಸಿಲನ್ನೂ ಹೊರಗೆ ಕಳುಹಿಸಿ ಒಳಗೆ ಬಿಸಿಮಾಡುವ ಖರ್ಚನ್ನು ಕೊಂಚ ಹೆಚ್ಚಿಸಬಹುದು. ಲೇಪನವನ್ನು ನಾನು ಬೇಡ ಎನ್ನುವುದಿಲ್ಲ. ಹಲಗೆಯ ಬದಲಿಗೆ ಅದನ್ನು ಒಪ್ಪಿಕೊಳ್ಳಬೇಡಿ ಎನ್ನುತ್ತೇನೆ.

ಹಲಗೆ ಎಷ್ಟು ದಪ್ಪ ಎನ್ನುವುದಕ್ಕಿಂತ ಎಲ್ಲಿ ಎನ್ನುವುದು ಮುಖ್ಯ. ಒಳಗೆ ಸುಳ್ಳುಚಾವಣಿಯ ಮೇಲೆ ಹಾಕಿದರೆ ಸ್ಲ್ಯಾಬ್ ಹಗಲಿಡೀ ಕಾದು, ರಾತ್ರಿ ತಣಿದು, ಹಿಗ್ಗಿ ಕುಗ್ಗಿ ಪ್ಯಾರಾಪೆಟ್ ಬುಡದಲ್ಲಿ ಬಿರುಕು ಬಿಡುತ್ತದೆ. ಸ್ಲ್ಯಾಬಿನ ಮೇಲೆ, ಆದರೆ ಜಲನಿರೋಧಕ ಪದರದ ಕೆಳಗೆ ಹಾಕಿದರೆ ಸ್ಲ್ಯಾಬ್ ಉಳಿಯುತ್ತದೆ. ಆದರೆ ಶಾಖ ಕೆಳಗಿಳಿಯಲು ದಾರಿಯಿಲ್ಲದೆ ಜಲನಿರೋಧಕ ಪದರ ಮೊದಲಿಗಿಂತ ಹೆಚ್ಚು ಕಾಯುತ್ತದೆ. ಅಲ್ಲಿ ಬಿಳಿ ಮೇಲ್ಮೈ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ನಿಮ್ಮ ಕಟ್ಟಡಕ್ಕೆ ನಾನು ಆರಿಸುವುದು ಮೂರನೆಯ ಕ್ರಮವನ್ನು: ಸ್ಲ್ಯಾಬಿಗೆ ಪೂರ್ತಿಯಾಗಿ ಅಂಟಿದ ಜಲನಿರೋಧಕ ಪದರ, ಅದರ ಮೇಲೆ ಶಾಖನಿರೋಧಕ ಹಲಗೆ, ಅದರ ಮೇಲೆ ಬಟ್ಟೆಯಂಥ ಶೋಧಕ ಪದರ, ಕೊನೆಗೆ ಕನಿಷ್ಠ 50 ಮಿಲಿಮೀಟರ್ ಗುಂಡುಜಲ್ಲಿ ಅಥವಾ ಕಾಂಕ್ರೀಟ್ ಬಿಲ್ಲೆಗಳು. ಹೀಗೆ ಮಾಡಿದಾಗ ಜಲನಿರೋಧಕ ಪದರಕ್ಕೆ ಬಿಸಿಲೂ ತಾಗುವುದಿಲ್ಲ, ಕಾಲ್ತುಳಿತವೂ ತಾಗುವುದಿಲ್ಲ. ಆದರೆ ಹಲಗೆ ಮಳೆಯಲ್ಲಿ ನೆನೆಯುವುದರಿಂದ ಇಲ್ಲಿ ನೀರು ಹೀರದ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನೇ ಬೇಕು. ಪೊಟ್ಟಣಕ್ಕೆ ಬಳಸುವ ಸಾಮಾನ್ಯ ಥರ್ಮೋಕೋಲ್ ಅಥವಾ ಖನಿಜ ಉಣ್ಣೆ ಆಗದು. ಜಲ್ಲಿಯ ಭಾರ, ಚದರ ಮೀಟರಿಗೆ 80ರಿಂದ 90 ಕಿಲೋ, ಮೊದಲೇ ರಚನಾ ಎಂಜಿನಿಯರ್ ಲೆಕ್ಕದಲ್ಲಿರಬೇಕು.

ಮರುಪ್ರಶ್ನೆ: ವಿವರವಾದ ಉತ್ತರಕ್ಕೆ ಧನ್ಯವಾದಗಳು. ಎರಡು ವರ್ಷಗಳ ನಂತರ ಸೌರಫಲಕ ಕೂರಿಸುವ ಯೋಚನೆಯಿದೆ. ಅದಕ್ಕೆ ಈಗಲೇ ಏನಾದರೂ ಮಾಡಿಡಬೇಕೇ?

ಉತ್ತರ: ಫಲಕ ಆಮೇಲೆ ಬಂದರೂ ಅದರ ಪೀಠಗಳು ಈಗಲೇ ಬರಬೇಕು. ಸ್ಲ್ಯಾಬಿನೊಂದಿಗೇ ಎರಕವಾದ ಗಿಡ್ಡ ಕಾಂಕ್ರೀಟ್ ಪೀಠಗಳನ್ನು ಮಾಡಿಸಿ, ಜಲನಿರೋಧಕ ಪದರವನ್ನು ಅವುಗಳ ಮೈಮೇಲೂ, ಸಿದ್ಧ ತಾರಸಿಯ ಮಟ್ಟದಿಂದ 150 ಮಿಲಿಮೀಟರ್ ಎತ್ತರದವರೆಗೆ ಹತ್ತಿಸಿ. ಪ್ಯಾರಾಪೆಟ್ಟಿಗೂ ಇದೇ ಅಳತೆ. ಚಾವಣಿ ನಡುಬಯಲಿನಲ್ಲಿ ಸೋರುವುದು ಅಪರೂಪ. ಸೋರುವುದು ಗೋಡೆ ಸೇರುವಲ್ಲಿ, ಕೊಳವೆಯ ಬಾಯಿಯಲ್ಲಿ, ಆಮೇಲೆ ಯಾರೋ ಬೋಲ್ಟ್ ಹೊಡೆದಲ್ಲಿ. ಫಲಕಗಳು 25 ವರ್ಷ ಬಾಳುವಂಥವು; ಅವುಗಳ ಕೆಳಗೆ 10 ವರ್ಷ ಬಾಳುವ ಪದರ ಹಾಕಿದರೆ ನಡುವೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ವೈರುಗಳಿಗೂ ಒಂದು ಕೊಳವೆಯ ದಾರಿ ಬಿಡಿ. ಬೆಂಕಿಯ ದೃಷ್ಟಿಯಿಂದ ಫಲಕಗಳ ಸಾಲುಗಳ ನಡುವೆ ಓಡಾಡುವಷ್ಟು ಜಾಗ ಬೇಕು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಮ್ಮದು ಶಾಲೆಯ ಒಳಾಂಗಣ ಕ್ರೀಡಾಂಗಣ, ತಗಡಿನ ಚಾವಣಿ. ಮಳೆಯಿಲ್ಲದ ದಿನಗಳಲ್ಲೂ ಬೆಳಗಿನ ಹೊತ್ತು ನೀರು ತೊಟ್ಟಿಕ್ಕುತ್ತದೆ. ಸ್ಕ್ರೂಗಳನ್ನು ಎರಡು ಬಾರಿ ಬಿಗಿ ಮಾಡಿಸಿದರೂ ಪ್ರಯೋಜನವಾಗಲಿಲ್ಲ.

ಉತ್ತರ: ಅದು ಬಹುಶಃ ಸೋರಿಕೆಯಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ತಗಡು ತನ್ನ ಶಾಖವನ್ನು ಆಕಾಶಕ್ಕೆ ಸೂಸಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನ ತೇವಭರಿತ ಗಾಳಿ ಅದಕ್ಕೆ ತಾಗಿ ಹನಿಗಟ್ಟುತ್ತದೆ. ತಗಡಿನ ಕೆಳಗೆ ಶಾಖನಿರೋಧಕವನ್ನು ಸಂದಿಲ್ಲದಂತೆ ಹಾಕಿಸಿ, ಒಳಗಿನ ಗಾಳಿ ತಗಡನ್ನು ಮುಟ್ಟದಂತೆ ಆ ಶಾಖನಿರೋಧಕದ ಕೆಳಮೈಗೆ ಆವಿ ತಡೆಯುವ ಹಾಳೆಯನ್ನು ಅಂಟಿಸಬೇಕು. ಸ್ಕ್ರೂಗಳನ್ನು ಇನ್ನಷ್ಟು ಬಿಗಿ ಮಾಡಿಸಬೇಡಿ, ರಬ್ಬರ್ ವಾಷರ್ ಹರಿಯುತ್ತದೆ. 20 ಮೀಟರ್ ಉದ್ದದ ಅಲ್ಯೂಮಿನಿಯಂ ಹಾಳೆ 50 ಡಿಗ್ರಿ ಬಿಸಿಯಾದರೆ 24 ಮಿಲಿಮೀಟರ್ ಹಿಗ್ಗುತ್ತದೆ, ಉಕ್ಕಿನದು ಅದರ ಅರ್ಧದಷ್ಟು. ಸ್ಕ್ರೂ ತೂತುಗಳು ಅಗಲವಾಗುವುದು ಇದರಿಂದಲೇ. ಮುಂದೆ ಹಾಳೆ ಬದಲಿಸುವಾಗ ಜಾರಲು ಅವಕಾಶವಿರುವ ಕ್ಲಿಪ್ಪುಗಳ ಮೇಲೆ ಕೂರುವ ಮಾದರಿಯನ್ನು ಕೇಳಿ. ಗಾಳಿಯ ಎಳೆತ ಅಂಚು ಮತ್ತು ಮೂಲೆಗಳಲ್ಲಿ ಅತಿ ಹೆಚ್ಚಾಗಿರುವುದರಿಂದ ಅಲ್ಲಿ ಕ್ಲಿಪ್ಪುಗಳನ್ನು ಒತ್ತೊತ್ತಾಗಿ ಹಾಕಿಸಿ.

ಮರುಪ್ರಶ್ನೆ (ಮೊದಲ ಸದಸ್ಯರಿಂದ): ಟೆಂಡರಿನಲ್ಲಿ ಯಾವ ಷರತ್ತುಗಳನ್ನು ತಪ್ಪದೆ ಸೇರಿಸಬೇಕು?

ಉತ್ತರ: ಪದರ ಹಾಸುವ ಮುನ್ನ ಸ್ಲ್ಯಾಬ್ ಒಣಗಿರಬೇಕು: ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಅಂಟಿಸಿ ರಾತ್ರಿಯಿಡೀ ಬಿಟ್ಟಾಗ ಕೆಳಗೆ ಹನಿ ಕಂಡರೆ ಕೆಲಸ ಆರಂಭಿಸುವಂತಿಲ್ಲ. ಪದರ ಮುಗಿದ ಮೇಲೆ, ಹಲಗೆ ಮುಚ್ಚುವ ಮುನ್ನ, ರಚನಾ ಎಂಜಿನಿಯರ್ ಒಪ್ಪಿಗೆ ಪಡೆದು 25ರಿಂದ 50 ಮಿಲಿಮೀಟರ್ ನೀರನ್ನು 24ರಿಂದ 48 ಗಂಟೆ ನಿಲ್ಲಿಸಿ ಪರೀಕ್ಷಿಸಬೇಕು. ಹಲಗೆ ಮುಚ್ಚಿದ ಮೇಲೆ ಸೋರಿಕೆಯ ಜಾಗ ಹುಡುಕುವುದು ಬಹಳ ಕಷ್ಟ. ಗ್ಯಾರಂಟಿ ಪತ್ರವನ್ನು ಸಹಿ ಮಾಡುವ ಮುನ್ನ ಓದಿ. ಅನೇಕ ಪತ್ರಗಳು ವಸ್ತುವಿಗೆ ಮಾತ್ರ ಹೊಣೆ ಹೊರುತ್ತವೆ, ಕೂಲಿಗಲ್ಲ. ನಿಂತ ನೀರಿನಿಂದಾದ ಹಾನಿಯನ್ನು ಹೊರಗಿಡುವ ಪತ್ರಗಳೂ ಇವೆ. ಹವಾನಿಯಂತ್ರಣದವರಾಗಲಿ, ಆಂಟೆನಾ ಹಾಕುವವರಾಗಲಿ, ಚಾವಣಿ ಕೊರೆಯುವ ಮುನ್ನ ಅದನ್ನು ಹಾಕಿದ ಗುತ್ತಿಗೆದಾರರ ಲಿಖಿತ ಒಪ್ಪಿಗೆ ಪಡೆದು ಅವರ ಕೈಯಿಂದಲೇ ಆ ತೂತಿನ ಸುತ್ತ ಜಲನಿರೋಧಕ ಕೆಲಸ ಮಾಡಿಸಬೇಕೆಂಬ ಷರತ್ತನ್ನು ಚಾವಣಿಯ ಟೆಂಡರಿನಲ್ಲಷ್ಟೇ ಅಲ್ಲ, ಅವರ ಟೆಂಡರುಗಳಲ್ಲೂ ಬರೆಯಿಸಿ.