ಸಹಾಯ ಬೇಕು: ಒಣಗಿದ ಎಲ್ಡರ್‌ಬೆರಿ ಬಳಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವಿರೋದು ಸೋಮವಾರಪೇಟೆ ಹತ್ತಿರ. ಜರ್ಮನಿಯಲ್ಲಿರುವ ನಾದಿನಿ ಊರಿಗೆ ಬಂದಾಗ ಒಣಗಿದ ಎಲ್ಡರ್‌ಬೆರಿ ಹಣ್ಣಿನ ದೊಡ್ಡ ಪೊಟ್ಟಣ ಕೊಟ್ಟು ಹೋಗಿದ್ದಾಳೆ. ಸುಕ್ಕುಗಟ್ಟಿದ ಕಪ್ಪು ಕಾಳುಗಳು. ಬಿಸಿನೀರಿಗೆ ಹಾಕಿದರೆ ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆಗಾಲದಲ್ಲಿ ಮಾಡುವ ಮದ್ದುಸೊಪ್ಪಿನ ಪಾಯಸದ ಹಾಗೆ ನೇರಳೆ ಬಣ್ಣ ಬಿಡುತ್ತೆ. ಅಲ್ಲಿ ಚಳಿಗಾಲದಲ್ಲಿ ನೆಗಡಿ, ಕೆಮ್ಮಿಗೆ ಇದರ ರಸ ಕಾಯಿಸಿ ಕುಡೀತಾರಂತೆ.

ಹಸಿ ಹಣ್ಣು, ಎಲೆ, ಕಾಂಡದಲ್ಲಿ ಸಯನೈಡ್ ಬಿಡುವ ಅಂಶ ಇರುತ್ತೆ, ವಾಂತಿ-ಭೇದಿ ಆಗಬಹುದು, ಚೆನ್ನಾಗಿ ಬೇಯಿಸಲೇಬೇಕು ಅನ್ನೋದು ಗೊತ್ತು. ಅದಕ್ಕೇ ಮಕ್ಕಳ ಕೈಗೆ ಸಿಗದ ಹಾಗೆ ಮೇಲಿನ ಶೆಲ್ಫಿನಲ್ಲಿಟ್ಟಿದ್ದೇನೆ. ಆದರೆ ಒಣಗಿದ್ದನ್ನು ಎಷ್ಟು ಹೊತ್ತು ಕುದಿಸಬೇಕು? ಒಂದು ಲೋಟ ಹಣ್ಣಿಗೆ ನೀರೆಷ್ಟು? ಸೋಸಿ, ಆರಿದ ಮೇಲೆ ಜೇನು ಸೇರಿಸಿದರೆ ಫ್ರಿಜ್‌ನಲ್ಲಿ ಎಷ್ಟು ದಿನ ಇರುತ್ತೆ? ಜುಲೈ ಮಳೆಗೆ ನಮ್ಮನೆಯಲ್ಲಿ ಉಪ್ಪೇ ನೀರಾಗುತ್ತೆ, ಉಳಿದ ಕಾಳಿಗೆ ಬೂಸ್ಟು ಹಿಡಿಯದ ಹಾಗೆ ಇಡೋದು ಹೇಗೆ ಅಂತಲೂ ಹೇಳಿ.

ಮುಖ್ಯ ವಿಷಯ ಅತ್ತೆಯವರದ್ದು. ಅವರಿಗೆ ಸಂಧಿವಾತ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನಡೀತಿದೆ. ಅಂಥವರು ಇದನ್ನು ತಗೊಳ್ಳಬಾರದು ಅಂತ ಓದಿದೆ. ಡಾಕ್ಟರನ್ನು ಕೇಳದೆ ಕೊಡಲ್ಲ, ಆದರೂ ಗುಂಪಿನಲ್ಲಿ ಫಾರ್ಮಸಿಯವರು ಯಾರಾದರೂ ಇದ್ದರೆ ಸ್ವಲ್ಪ ವಿವರಿಸಿ.

ನೆಗಡಿ, ಫ್ಲೂ ಒಂದೆರಡು ದಿನ ಬೇಗ ಇಳಿಯಬಹುದು ಅಂತ ಕೆಲವು ಸಣ್ಣ ಅಧ್ಯಯನಗಳು ಹೇಳುತ್ತವೆ, ಅಷ್ಟೇ. "ಯಾವ ರೋಗವೂ ಹತ್ತಿರ ಸುಳಿಯಲ್ಲ" ಅನ್ನೋ ಫಾರ್ವರ್ಡ್ ಮಾತ್ರ ದಯವಿಟ್ಟು ಬೇಡ, ಬೇಕಾದಷ್ಟು ಬಂದಿವೆ!

ಇನ್ನೊಂದು: ಮಡಿಕೇರಿ ಕಡೆ ಯಾರಾದರೂ ಈ ಗಿಡ ಬೆಳೆಸಿದ್ದೀರಾ? ನಮ್ಮ ಮಳೆ ತಡೆಯುತ್ತಾ?